ಕೈಗಳೇ ಕಾಲಾಗುವ ಹಾಕಿ

ನಿಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮಣೆ ಇದ್ದರೆ ಮೊದಲು ಒಂದು ಪ್ರಯೋಗ ಮಾಡಿ. ನುಣುಪಾದ ನೆಲದ ಮೇಲೆ ಮಣೆ ಇಟ್ಟು, ಅದರ ಮೇಲೆ ಕಾಲು ಚಾಚಿ ಕುಳಿತುಕೊಳ್ಳಿ. ಎರಡೂ ಕೈಗಳಿಂದ ನೆಲವನ್ನು ಹಿಂದಕ್ಕೆ ಒತ್ತಿ. ಮಣೆ ಮುಂದೆ ಜಾರುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ನೀವು ಓದಿಯೇ ಇದ್ದೀರಿ. ಈಗ ಅದೇ ಕೈಗಳಿಂದ ಒಂದು ಚೆಂಡನ್ನೂ ಜೊತೆಗೆ ಉರುಳಿಸಿಕೊಂಡು ಹೋಗಿ ನೋಡೋಣ. ಕೈ ಚೆಂಡಿನತ್ತ ಹೋದರೆ ಮಣೆ ನಿಲ್ಲುತ್ತದೆ, ಮಣೆ ತಳ್ಳಿದರೆ ಚೆಂಡು ತಪ್ಪಿಹೋಗುತ್ತದೆ. ಸ್ಲೆಡ್ ಹಾಕಿಯ ಕಷ್ಟವೆಲ್ಲ ಇಷ್ಟರಲ್ಲೇ ಇದೆ.

ಕಾಲಿನ ಅಂಗವೈಕಲ್ಯ ಉಳ್ಳವರಿಗಾಗಿ 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಪುನರ್ವಸತಿ ಕೇಂದ್ರವೊಂದರಲ್ಲಿ ಹುಟ್ಟಿದ ಆಟವಿದು. ಪ್ಯಾರಾಲಿಂಪಿಕ್ಸ್ ಸೇರಿದ್ದು 1994ರಲ್ಲಿ. ಮಂಜುಗಡ್ಡೆಯ ಅಂಗಳದಲ್ಲಿ ಆಟಗಾರರು ಪುಟ್ಟ ಜಾರುಬಂಡಿಯ ಮೇಲೆ ಸೊಂಟ ಬಿಗಿದುಕೊಂಡು ಕೂರುತ್ತಾರೆ. ಬಂಡಿಯ ಅಡಿಯಲ್ಲಿ ಎರಡು ಉಕ್ಕಿನ ಅಲಗುಗಳಿವೆ. ಅವು ದೂರ ದೂರ ಇದ್ದರೆ ಬಂಡಿ ಸುಲಭವಾಗಿ ಮಗುಚುವುದಿಲ್ಲ, ಆದರೆ ಚುರುಕಾಗಿ ತಿರುಗುವುದೂ ಇಲ್ಲ. ಪಳಗಿದವರು ಅವನ್ನು ಹತ್ತಿರ ತಂದುಕೊಳ್ಳುತ್ತಾರೆ. ಆಗ ಸಮತೋಲದ ಹೊಣೆ ಹೊಟ್ಟೆ ಬೆನ್ನುಗಳ ಸ್ನಾಯುಗಳಿಗೆ ಬೀಳುತ್ತದೆ. ಕೈಗೊಂದು ಗಿಡ್ಡ ಕೋಲು. ಕೋಲಿನ ಒಂದು ತುದಿಯಲ್ಲಿ ಮಂಜುಗಡ್ಡೆಯನ್ನು ಕಚ್ಚುವ ಉಕ್ಕಿನ ಹಲ್ಲುಗಳು, ಇನ್ನೊಂದು ತುದಿಯಲ್ಲಿ ಪಕ್ ಹೊಡೆಯುವ ಚಪ್ಪಟೆ ಭಾಗ. ಪಕ್ ಎಂದರೆ ಗಟ್ಟಿ ರಬ್ಬರಿನ ಬಿಲ್ಲೆ; ಇಲ್ಲಿ ಚೆಂಡಿಲ್ಲ. ತಳ್ಳು, ಕೋಲು ತಿರುಗಿಸು, ಹೊಡೆ, ಮತ್ತೆ ತಳ್ಳು. ಪಕ್ ಬಂಡಿಯ ಅಡಿಯಲ್ಲೂ ಹಾಯ್ದುಹೋಗಬಲ್ಲದು. ಬಲಗೈಯದನ್ನು ಎಡಗೈಗೆ ಹಾಗೆಯೇ ದಾಟಿಸಿ ಎದುರಾಳಿಯನ್ನು ಏಮಾರಿಸಬಹುದು.

ಇಂಥ ಆಟಗಾರರನ್ನು ತೋರಿಸುವಾಗ ನಾವು ಟೆಲಿವಿಷನ್‌ನವರು ಹಿನ್ನೆಲೆಗೆ ಕರುಣರಸದ ಸಂಗೀತ ಹಾಕಿಬಿಡುತ್ತೇವೆ. ಅದರಲ್ಲಿ ಆಟ ಮುಳುಗಿಹೋಗುತ್ತದೆ. ಅಮೆರಿಕದ ಡೆಕ್ಲನ್ ಫಾರ್ಮರ್ ಅವರ ಆಟವನ್ನಂತೂ ಸಂಗೀತ ನಿಲ್ಲಿಸಿ, ಕೈಗಳನ್ನೇ ಗಮನಿಸುತ್ತ ನೋಡಬೇಕು.

1997ರಲ್ಲಿ ಜನಿಸಿದ ಫಾರ್ಮರ್ ಅವರಿಗೆ ಎರಡೂ ಕಾಲುಗಳಿಲ್ಲ. ಅವರ ಊರು ಫ್ಲಾರಿಡಾದ ಟ್ಯಾಂಪಾ, ಸೆಕೆಯ ನಾಡು. ಅಲ್ಲಿ ಮಂಜುಗಡ್ಡೆ ಬೇಕೆಂದರೆ ಒಳಾಂಗಣಕ್ಕೇ ಹೋಗಬೇಕು. 2014ರ ಸೋಚಿ ಪ್ಯಾರಾಲಿಂಪಿಕ್ಸ್‌ನಲ್ಲಿ ಅಮೆರಿಕ ರಷ್ಯಾವನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದಾಗ ತಂಡದಲ್ಲಿದ್ದ ಈ ಹುಡುಗನಿಗೆ 16 ವರ್ಷ.

ನಾಲ್ಕು ವರ್ಷದ ನಂತರ, 2018ರಲ್ಲಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಪ್ಯಾರಾಲಿಂಪಿಕ್ಸ್‌ನ ಫೈನಲ್. ಎದುರಾಳಿ ಕೆನಡಾ. ಆಟಕ್ಕೆ ತಲಾ 15 ನಿಮಿಷದ ಮೂರು ಅವಧಿಗಳು. ಮೂರನೆಯದು ಮುಗಿಯುತ್ತ ಬಂದರೂ ಕೆನಡಾ 1–0 ಮುಂದೆ. ಅಮೆರಿಕ ತನ್ನ ಗೋಲಿಯನ್ನು ಹೊರಗೆ ಕರೆಸಿಕೊಂಡು ಆ ಜಾಗಕ್ಕೆ ಇನ್ನೊಬ್ಬ ದಾಳಿಗಾರನನ್ನು ಇಳಿಸಿತು. ಸೋಲುವ ತಂಡ ಕೊನೆಗೆ ಆಡುವ ಜೂಜು ಇದು: ಬಲ ಒಂದು ಹೆಚ್ಚು, ಆದರೆ ಹಿಂದೆ ಗೋಲು ಬರಿದು. ಕೆನಡಾದ ರಾಬ್ ಆರ್ಮ್‌ಸ್ಟ್ರಾಂಗ್ ಆ ಬರಿದಾದ ಗೋಲಿನತ್ತ ಹೊಡೆದೇಬಿಟ್ಟರು. ಪಕ್ ಕಂಬಕ್ಕೆ ಬಡಿದು ಹೊರಬಿತ್ತು! ಒಂದೆರಡು ಇಂಚು ಒಳಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಟ ಮುಗಿಯಲು ಸುಮಾರು 38 ಸೆಕೆಂಡು ಇರುವಾಗ ಫಾರ್ಮರ್ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲೂ ಅವರದೇ. ಆಗ ಅವರ ವಯಸ್ಸು 20.

ಇಷ್ಟರ ನಡುವೆ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಪದವಿ ಪಡೆದದ್ದು 2020ರಲ್ಲಿ. 2022ರ ಬೀಜಿಂಗ್ ಫೈನಲ್‌ನಲ್ಲೂ ಎದುರಿಗೆ ಕೆನಡಾ. ಈ ಸಲ ಅಮೆರಿಕ ಗೋಲಿಯನ್ನು ಹೊರಗೆ ಕರೆಸಬೇಕಾದ ಪ್ರಸಂಗವೇ ಬರಲಿಲ್ಲ, ಗೆಲುವು 5–0.