ಮಾವಿನ ತೋಪಿನಲ್ಲಿ ನೊಣದ ಲೆಕ್ಕ

ಶ್ರೀನಿವಾಸಪುರ, ರಾಮನಗರ ಸೀಮೆಯ ಬೆಳೆಗಾರರು ಮಾವಿನ ಹಣ್ಣುನೊಣವನ್ನು ಊಜಿಯೆಂದೇ ಕರೆಯುತ್ತಾರಾದರೂ, ರೇಷ್ಮೆಹುಳುವನ್ನು ಕಾಡುವ ನಿಜವಾದ ಊಜಿ ಬೇರೆಯೇ ಕೀಟ. ರೇಷ್ಮೆ ಮತ್ತು ಮಾವು ಅಕ್ಕಪಕ್ಕದಲ್ಲಿರುವ ನಾಡಿನಲ್ಲಿ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡಿರಬೇಕು. ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಎಂಬ ಶಾಸ್ತ್ರೀಯ ನಾಮದ ಈ ನೊಣದ ಹೆಣ್ಣು ಬಲಿತ ಕಾಯಿಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಒಳಗೆ ತಿರುಳು ತಿಂದು ಬಲಿತ ಹುಳುಗಳು ಮೈ ಬಾಗಿಸಿ ಚಿಮ್ಮುತ್ತ ಹೊರಬಿದ್ದು, ಮಣ್ಣಿನಲ್ಲಿ ಕೋಶಾವಸ್ಥೆಯನ್ನು, ಅಂದರೆ ಹುಳು ನೊಣವಾಗಿ ಮಾರ್ಪಡುವ ನಿಶ್ಚಲ ಹಂತವನ್ನು, ಕಳೆಯುತ್ತವೆ. ಚುಚ್ಚಿದ ಗುರುತು ಸೂಜಿಮೊನೆಯಷ್ಟೇ ಆದ್ದರಿಂದ, ಕೊಯ್ಲಿನಲ್ಲಿ ಸೊಗಸಾಗಿ ಕಂಡ ಬಾದಾಮಿ ಹೆಚ್ಚಿದಾಗ ಹುಳು ತೋರುವುದುಂಟು. ಇಂಥ ಹುಳುಗಳು ಸಿಕ್ಕಿದ ಕಾರಣಕ್ಕೇ ಯುರೋಪ್ ಒಕ್ಕೂಟ 2014ರ ಮೇ ತಿಂಗಳಲ್ಲಿ ಭಾರತದ ಮಾವನ್ನು ತಡೆದು, 2015ರಲ್ಲಿ ಆ ತಡೆಯನ್ನು ತೆರವುಗೊಳಿಸಿತು.

ಹಣ್ಣಿನಲ್ಲಿ ಹುಳು ಕಾಣುವ ಮೊದಲೇ ತೋಪಿನಲ್ಲಿ ನೊಣವನ್ನೆಣಿಸುವ ದಾರಿಯೊಂದು ಭಾರತದಲ್ಲಿಯೇ ತೆರೆದುಕೊಂಡಿತು. ಗಂಡು ನೊಣಗಳು ಸಿಟ್ರೊನೆಲ್ಲಾ ಎಣ್ಣೆಗೆ ಮುತ್ತುವುದನ್ನು 1912ರಲ್ಲಿ ವರದಿ ಮಾಡಿದ ಪೂಸಾದ ಕೀಟಶಾಸ್ತ್ರಜ್ಞ ಹೌಲೆಟ್, ಈ ಸೆಳೆತಕ್ಕೆ ಮೀಥೈಲ್ ಯೂಜಿನಾಲ್ ಎಂಬ ಸಂಯುಕ್ತ ಕಾರಣವೆಂಬುದನ್ನು 1915ರಲ್ಲಿ ತೋರಿಸಿದರು. ನಮ್ಮ ತುಳಸಿಯಲ್ಲೂ ಇದೇ ಸಂಯುಕ್ತವಿದೆ. ಇದರೊಂದಿಗೆ ಮದ್ಯಸಾರ ಮತ್ತು ಕೀಟನಾಶಕ ಬೆರೆಸಿ, ಅದರಲ್ಲಿ ನೆನೆಸಿದ ಪ್ಲೈವುಡ್ ತುಂಡನ್ನು ತೂತುಗಳಿರುವ ಡಬ್ಬಿಯಲ್ಲಿ ತೂಗುಹಾಕಿದರೆ ಬಲೆ ಸಿದ್ಧ. ಇದನ್ನು ಲಿಂಗಾಕರ್ಷಕ ಬಲೆಯೆನ್ನುವುದು ರೂಢಿಯಾದರೂ ಪೂರ್ತಿ ಸರಿಯಲ್ಲ, ಏಕೆಂದರೆ ಈ ವಾಸನೆ ಹೆಣ್ಣು ನೊಣ ಸೂಸುವಂಥದಲ್ಲ.

ಬಲೆಗೆ ಬಿದ್ದ ನೊಣಗಳ ಸಂಖ್ಯೆಯನ್ನು ಬಲೆಗಳ ಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿದರೆ ದಿನವಹಿ ಸೂಚ್ಯಂಕ ಸಿಗುತ್ತದೆ: 4 ಬಲೆಗಳಲ್ಲಿ 7 ದಿನಕ್ಕೆ 336 ನೊಣ ಬಿದ್ದರೆ ಸೂಚ್ಯಂಕ 12. ಚಳಿಗಾಲದಲ್ಲಿ ತಗ್ಗಿರುವ ಈ ಅಂಕಿ ಕಾಯಿ ಬಲಿಯುತ್ತ ಬಂದಂತೆ, ಮುಂಗಾರುಪೂರ್ವ ಮಳೆಗೆ ಮಣ್ಣು ತೇವಗೊಂಡಂತೆ ಏರುವುದರಿಂದ, ತಡವಾಗಿ ಮಾಗುವ ಮಲ್ಲಿಕಾ, ನೀಲಂ ತಳಿಗಳಿಗೆ ಪೆಟ್ಟು ಹೆಚ್ಚು. ಆದರೆ ಬಲೆ ಎಣಿಸುವುದು ಗಂಡನ್ನು ಮಾತ್ರ, ಹಣ್ಣು ಚುಚ್ಚುವುದು ಹೆಣ್ಣು. ಸೆಳೆಮದ್ದು ಆರಿದರೂ ಜಡಿಮಳೆ ಹಿಡಿದರೂ ಅಂಕಿ ಇಳಿಯುತ್ತದೆ, ನೊಣ ಇಳಿದಿರುವುದಿಲ್ಲ. ಒಂದು ವಾರದ ಎಣಿಕೆಯನ್ನು ನೆಚ್ಚಿ ಔಷಧ ಹೊಡೆಯುವುದಾಗಲಿ ಬಿಡುವುದಾಗಲಿ ಆದ್ದರಿಂದಲೇ ಅವಿವೇಕ; ಬಲೆ ತುಂಬಿತೆಂದು ಹಿಗ್ಗುವುದೂ ಅಷ್ಟೇ, ಏಕೆಂದರೆ ಉಳಿದ ಒಂದೇ ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು.

ಕೊಯ್ಲು ಮುಗಿದೊಡನೆ ಬಲೆ ಇಳಿಸುವವರೇ ಹೆಚ್ಚು. ನೊಣವಾದರೋ ಪಕ್ಕದ ಸೀಬೆ ತೋಟಕ್ಕೆ ದಾಟಿ, ಮಾವಿಲ್ಲದ ತಿಂಗಳುಗಳನ್ನು ಅಲ್ಲಿ ನೀಗಿಸುತ್ತದೆ.