ಅಂಗೈ ಮೇಲಣ ಟ್ಯಾಂಕು

ಪೆಟ್ಟಿಗೆಯ ಮುಚ್ಚಳದ ಮೇಲೆ ಗರ್ಜಿಸುತ್ತ ಮುನ್ನುಗ್ಗುವ ಟ್ಯಾಂಕಿನ ವರ್ಣಚಿತ್ರ. ಮುಚ್ಚಳ ತೆರೆದು ನೋಡಿದರೆ ಒಳಗೆ ಟ್ಯಾಂಕೇ ಇಲ್ಲ! ಇರುವುದು ಕಿಟಕಿಯ ಸರಳುಗಳಂತೆ ತೋರುವ ನಾಲ್ಕಾರು ಪ್ಲಾಸ್ಟಿಕ್ ಚೌಕಟ್ಟುಗಳು. ಆ ಚೌಕಟ್ಟುಗಳಿಗೆ, ಬಳ್ಳಿಗೆ ಕಾಯಿ ಕಚ್ಚಿದಂತೆ, ಅಂಟಿಕೊಂಡಿರುವ ನೂರಾರು ಬಿಡಿಭಾಗಗಳು. ಒಂದು ಗಾಲಿ, ಒಂದು ಸಲಿಕೆ, ಉದ್ದಿನ ಕಾಳಿನಷ್ಟು ಗಾತ್ರದ ಒಂದು ಕೊಕ್ಕೆ, ಸಾಸಿವೆಗಿಂತಲೂ ಕಿರಿದಾದ ಬೋಲ್ಟಿನ ತಲೆ. ಜೊತೆಗೊಂದು ಸೂಚನಾಪತ್ರ, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸಬೇಕಾದ ಅಂಕಿ-ಲಾಂಛನಗಳ ಒಂದು ಚೀಟಿ. ಇಷ್ಟನ್ನು ಕೊಟ್ಟು ತಯಾರಕನು ಕೈತೊಳೆದುಕೊಳ್ಳುತ್ತಾನೆ. ಉಳಿದದ್ದು ಕೊಂಡವನ ತಾಳ್ಮೆಗೆ ಬಿಟ್ಟದ್ದು.

ಇದಕ್ಕೆ ಸ್ಕೇಲ್ ಮಾಡೆಲ್ ಕಿಟ್ ಎಂದು ಹೆಸರು. ನಿಜವಾದ ವಿಮಾನ, ಹಡಗು, ಕಾರು, ಟ್ಯಾಂಕುಗಳನ್ನು ಒಂದು ಗೊತ್ತಾದ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ ಪ್ರತಿಕೃತಿ. ಆಟಿಕೆಗೂ ಇದಕ್ಕೂ ಇರುವ ಭೇದವೆಲ್ಲ ಆ ಪ್ರಮಾಣದಲ್ಲಿಯೇ ಅಡಗಿದೆ. 1:35ರ ಪ್ರಮಾಣವೆಂದರೆ ನಿಜ ವಸ್ತುವಿನ ಮೂವತ್ತೈದು ಅಂಗುಲ ಇಲ್ಲಿ ಒಂದೇ ಅಂಗುಲ. ಐದು ಮುಕ್ಕಾಲು ಅಡಿಯ ಸಿಪಾಯಿ ಈ ಲೋಕದಲ್ಲಿ ಐದು ಸೆಂಟಿಮೀಟರಿನ ಮನುಷ್ಯ. 45 ಟನ್ ತೂಗುತ್ತಿದ್ದ ಜರ್ಮನಿಯ ‘ಪ್ಯಾಂಥರ್’ ಟ್ಯಾಂಕು, ಫಿರಂಗಿಯ ಮೂತಿಯೂ ಸೇರಿ, ಒಂದು ಗೇಣಿಗಿಂತ ತುಸು ಹೆಚ್ಚು.

ಈ ವಿದ್ಯೆಯ ತವರು ಇಂಗ್ಲೆಂಡ್. ‘ಫ್ರಾಗ್’ ಎಂಬ ಹೆಸರಿನ ಸಂಸ್ಥೆಯೊಂದು 1936ರಲ್ಲಿ ‘ಪೆಂಗ್ವಿನ್’ ಮಾಲೆಯ ಪ್ಲಾಸ್ಟಿಕ್ ವಿಮಾನಗಳನ್ನು ಹೊರತಂದಿತು. ಪೆಂಗ್ವಿನ್ ಹಾರಲಾರದ ಹಕ್ಕಿಯಷ್ಟೆ; ಹಾರದ ವಿಮಾನಕ್ಕೆ ಅದಕ್ಕಿಂತ ಒಪ್ಪುವ ಹೆಸರು ಇನ್ನಾವುದು? ಯುದ್ಧಾನಂತರ, 1952ರಲ್ಲಿ, ‘ಏರ್‌ಫಿಕ್ಸ್’ ಸಂಸ್ಥೆಯವರು ಫ್ರಾನ್ಸಿಸ್ ಡ್ರೇಕನ ‘ಗೋಲ್ಡನ್ ಹೈಂಡ್’ ಹಡಗಿನ ಬಿಡಿಭಾಗಗಳನ್ನು ಚೀಲದಲ್ಲಿ ತುಂಬಿ ಎರಡು ಷಿಲಿಂಗಿಗೆ ಮಾರಿದರು. ಅಲ್ಲಿಂದ ಮುಂದೆ ಇದು ಶ್ರೀಮಂತರ ವಿಲಾಸವಾಗಿ ಉಳಿಯದೆ ಶಾಲಾಬಾಲಕರ ಕೈಗೂ ಬಂದಿತು. ಆದರೆ ಈ ಕಲೆಯ ಅತ್ಯಂತ ಸ್ವಾರಸ್ಯವಾದ ಕಥೆ ನಡೆದದ್ದು ಇಂಗ್ಲೆಂಡಿನಲ್ಲಲ್ಲ. ಜಪಾನಿನ ಶಿಜುವೋಕಾ ನಗರದಲ್ಲಿ.

ಶಿಜುವೋಕಾ ಮರಗೆಲಸದ ಊರು. ಹಿಂದಿನ ಬೆಟ್ಟಗಳಲ್ಲಿ ಸುಗಿ, ಹಿನೋಕಿ ಮರಗಳು ಬೆಳೆಯುತ್ತವೆ. ತೊಕುಗಾವಾ ದೊರೆಗಳ ಕಾಲದಲ್ಲಿ ದೇವಾಲಯ ಕಟ್ಟಲು ಬಂದ ಬಡಗಿಗಳೂ ಅರಗಿನ ಕೆಲಸದವರೂ ಇಲ್ಲಿಯೇ ನೆಲೆನಿಂತರೆಂದು ಊರಿನವರು ಹೇಳುತ್ತಾರೆ. 1940ರ ಜನವರಿಯಲ್ಲಿ ಈ ಊರು ದೊಡ್ಡ ಬೆಂಕಿಗೆ ತುತ್ತಾಯಿತು. ಆರು ವರ್ಷ ಕಳೆಯುವುದರೊಳಗೆ, 1945ರ ಜೂನ್ 19ರ ರಾತ್ರಿ, ಅಮೆರಿಕದ ಬಾಂಬು ವಿಮಾನಗಳು ಬಂದು ಅದನ್ನು ಮತ್ತೊಮ್ಮೆ ಸುಟ್ಟುಹೋದವು. ಮರುವರ್ಷ ಯೋಶಿಯೋ ತಮಿಯಾ ಎಂಬವರು ಅಲ್ಲಿ ಒಂದು ಸಾಮಿಲ್ಲನ್ನು ತೆರೆದರು. ಸುಟ್ಟ ಊರಿಗೆ ಮೊದಲು ಬೇಕಾದದ್ದು ತೊಲೆ, ಹಲಗೆಗಳಲ್ಲವೆ? ಮರ ಕೊಯ್ದ ಮೇಲೆ ಮಿಕ್ಕ ತುಂಡುಗಳೂ ವ್ಯರ್ಥವಾಗಲಿಲ್ಲ. ಅವುಗಳಿಂದ ಹಡಗು, ವಿಮಾನಗಳ ಪ್ರತಿಕೃತಿ ಮಾಡುವ ಸಣ್ಣ ವಿಭಾಗವೊಂದು ಹುಟ್ಟಿತು. 1953ರಲ್ಲಿ ತೊಲೆ-ಹಲಗೆಗಳ ವ್ಯಾಪಾರವನ್ನೇ ಮುಚ್ಚಿ ತಮಿಯಾ ಸಂಸ್ಥೆ ಪೂರ್ತಿಯಾಗಿ ಪ್ರತಿಕೃತಿಗಳ ಕೆಲಸಕ್ಕೆ ಇಳಿಯಿತು.

ಇಳಿದ ಕಾಲ ಮಾತ್ರ ಒಳ್ಳೆಯದಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಪರದೇಶದ ಪ್ಲಾಸ್ಟಿಕ್ ಕಿಟ್ಟುಗಳು ಜಪಾನಿನ ಅಂಗಡಿಗಳಿಗೆ ಬಂದು ಕುಳಿತವು. ಮರದ ಕಿಟ್ ಎಂದರೆ ಒಂದು ಕಟ್ಟಿಗೆಯ ತುಂಡು, ಒಂದು ನಕ್ಷೆ. ಕೆತ್ತುವ ಹೊಣೆ ಹುಡುಗನದು. ಪ್ಲಾಸ್ಟಿಕ್ಕಿನಲ್ಲಾದರೋ ರೆಕ್ಕೆಯ ಮೇಲಿನ ರಿವೆಟ್ಟುಗಳ ಸಾಲೂ ಮೂಡಿಬಂದಿರುತ್ತದೆ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಬಾಲಕನ ಕೈ ಯಾವುದರತ್ತ ಚಾಚೀತೆಂಬುದನ್ನು ಹೇಳಬೇಕಾಗಿಲ್ಲ. ಮರದ ಪ್ರತಿಕೃತಿಗಳ ಮಾರಾಟ ಕುಸಿಯತೊಡಗಿತು. ಈ ಹೊತ್ತಿಗೆ ಯೋಶಿಯೋ ಅವರ ಮಗ ಶುನ್ಸಾಕು, ವಸೇದಾ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿ ಮುಗಿಸಿ, ತಂದೆಯ ಕೆಲಸಕ್ಕೆ ಕೈಜೋಡಿಸಿದ್ದರು.

ಪ್ಲಾಸ್ಟಿಕ್ಕಿಗೆ ಹೊರಳುವುದೆಂದರೆ ಅಚ್ಚುಗಳಿಗೆ ಹಣ ಸುರಿಯುವುದು. ಈ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸಿ, ಎರಡು ಹೋಳಾಗಿ ತೆರೆಯುವ ಲೋಹದ ಅಚ್ಚಿನೊಳಕ್ಕೆ ಭಾರಿ ಒತ್ತಡದಿಂದ ನುಗ್ಗಿಸುತ್ತಾರೆ. ಕ್ಷಣಮಾತ್ರದಲ್ಲಿ ಅದು ತಣಿದು ಗಟ್ಟಿಯಾಗುತ್ತದೆ. ಅಚ್ಚು ಬಾಯಿ ತೆರೆದು ಚೌಕಟ್ಟನ್ನು ಉಗುಳುತ್ತದೆ. ಕೆಲಸ ಸುಲಭ, ಅಚ್ಚು ಮಾಡುವುದು ಕಠಿಣ. ಕಿಟ್ಟಿನಲ್ಲಿ ಉಬ್ಬಿ ಕಾಣಬೇಕಾದ ಪ್ರತಿಯೊಂದು ಗೆರೆಯನ್ನೂ ಲೋಹದಲ್ಲಿ ತಗ್ಗಾಗಿ ಕೊರೆಯಬೇಕು. ಅಚ್ಚು ಎರಡು ಕಡೆಗೆ ನೇರವಾಗಿ ತೆರೆಯುವುದರಿಂದ ಅಡ್ಡಲಾಗಿ ಸಿಕ್ಕಿಕೊಳ್ಳುವ ಯಾವ ಆಕಾರವೂ ಅದರಲ್ಲಿ ಬರುವಂತಿಲ್ಲ. ಆದ್ದರಿಂದಲೇ ಒಂದು ವಸ್ತುವನ್ನು ಹತ್ತಾರು ತುಂಡು ಮಾಡಿ ಯೋಚಿಸಬೇಕಾಗುತ್ತದೆ. ಅಷ್ಟೂ ಹಣವನ್ನು ಒಂದು ಕಿಟ್ಟಾದರೂ ಮಾರಾಟವಾಗುವ ಮೊದಲೇ ಹೂಡಿಬಿಡಬೇಕು.

ತಮಿಯಾ ಸಂಸ್ಥೆ ತನ್ನ ಮೊದಲ ಪ್ಲಾಸ್ಟಿಕ್ ಕಿಟ್ಟಿಗೆ ಆರಿಸಿಕೊಂಡದ್ದು ‘ಯಾಮಾತೋ’ ಯುದ್ಧನೌಕೆಯನ್ನು. 1945ರ ಏಪ್ರಿಲಿನಲ್ಲಿ, ಸುಮಾರು ಮೂರು ಸಾವಿರ ನಾವಿಕರೊಡನೆ ಸಮುದ್ರದ ತಳ ಸೇರಿದ ಹಡಗು ಅದು. ಹದಿನೈದು ವರ್ಷಗಳ ಮೇಲೆ, 1960ರಲ್ಲಿ, ಅದು 1:800ರ ಪ್ರಮಾಣದಲ್ಲಿ, ಸುಮಾರು ಒಂದು ಅಡಿ ಉದ್ದದ ಕಿಟ್ಟಾಗಿ ಮೇಲೆದ್ದು ಬಂದಿತು. ದುರದೃಷ್ಟವೆಂದರೆ ಬೇರೊಂದು ಸಂಸ್ಥೆಯೂ ಅದೇ ಹಡಗನ್ನು 350 ಯೆನ್ನಿಗೆ ಮಾರಾಟಕ್ಕಿಟ್ಟಿತು. ತಮಿಯಾದವರೂ ಬೆಲೆಯನ್ನು ಅಷ್ಟಕ್ಕೇ ಇಳಿಸಬೇಕಾಯಿತು. ಆ ಬೆಲೆಗೆ ಅಚ್ಚಿನ ಖರ್ಚೂ ಹುಟ್ಟುವಂತಿರಲಿಲ್ಲ. ಒಮ್ಮೆ ನೀರಿನಲ್ಲಿ ಮುಳುಗಿದ ಹಡಗು ಎರಡನೆಯ ಸಲ ಸಾಲದಲ್ಲಿ ಮುಳುಗಿತು. ತಂದೆ-ಮಕ್ಕಳು ಮತ್ತೆ ಮರದ ಕೆಲಸಕ್ಕೇ ಮರಳಿದರು. ಆದರೆ ಮರಕ್ಕೆ ಗಿರಾಕಿಗಳೆಲ್ಲಿ? ನಷ್ಟ ಏರುತ್ತಲೇ ಹೋಯಿತು.

ಇನ್ನೊಂದು ಪ್ರಯತ್ನ, ಅದೂ ಸೋತರೆ ಪ್ಲಾಸ್ಟಿಕ್ಕಿನ ಸಹವಾಸವೇ ಸಾಕು—ಎಂಬ ನಿಶ್ಚಯದೊಡನೆ ಕೈಗೆತ್ತಿಕೊಂಡದ್ದು ‘ಪ್ಯಾಂಥರ್’ ಟ್ಯಾಂಕನ್ನು. ಮುಚ್ಚಳದ ಚಿತ್ರವನ್ನು ಬಾಲಕರ ಪತ್ರಿಕೆಗಳ ಮೂಲಕ ಮನೆಮಾತಾಗಿದ್ದ ಶಿಗೆರು ಕೊಮಾತ್ಸುಜಾಕಿ ಬರೆದುಕೊಟ್ಟರು. ಒಳಗೆ ಸಣ್ಣ ಮೋಟಾರನ್ನಿಟ್ಟು, ಟ್ಯಾಂಕು ತಾನಾಗಿಯೇ ಹರಿದುಹೋಗುವಂತೆ ಮಾಡಿದರು. 1961-62ರ ಚಳಿಗಾಲದಲ್ಲಿ ಹೊರಬಂದ ಆ ಟ್ಯಾಂಕು ಪುಸ್ತಕಗಳ ಗುಡ್ಡವನ್ನು ಹತ್ತಿ ಇಳಿಯುವುದನ್ನು ನೋಡಿದ ಜಪಾನಿನ ಹುಡುಗರು ಅಂಗಡಿಗಳಿಗೆ ಮುಗಿಬಿದ್ದರು. ಸಂಸ್ಥೆ ಉಳಿಯಿತು.

ಇಲ್ಲೊಂದು ತಮಾಷೆಯ ಸಂಗತಿ ಉಂಟು. ಇಂದು ಜಗತ್ತಿನ ಸೈನಿಕ ವಾಹನಗಳ ಕಿಟ್ಟುಗಳಿಗೆಲ್ಲ ಬಹುಮಟ್ಟಿಗೆ 1:35 ಎಂಬುದೇ ಪ್ರಮಾಣ. ಇಂಥ ವಿಚಿತ್ರ ಸಂಖ್ಯೆಯನ್ನು ಯಾವ ಪಂಡಿತರು ಲೆಕ್ಕ ಹಾಕಿ ಗೊತ್ತುಮಾಡಿದರು? ಯಾರೂ ಅಲ್ಲ. ಪ್ಯಾಂಥರಿನ ಹೊಟ್ಟೆಯಲ್ಲಿ ಮೋಟಾರು ಮತ್ತು ಎರಡು ಬ್ಯಾಟರಿಗಳು ಹಿಡಿಸಬೇಕಾಗಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಟ್ಯಾಂಕನ್ನು ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು ಮೂವತ್ತೈದರಲ್ಲಿ ಒಂದು ಪಾಲಾಗಿತ್ತು! ಬ್ಯಾಟರಿ ಹಾಕಿಕೊಟ್ಟ ಅಳತೆಗೆ ಮುಂದೆ ದೇಶದೇಶಗಳ ತಯಾರಕರು ತಲೆಬಾಗಿದರು.

ಹುಡುಗರು ಬೆಳೆದರು. ಬೆಳೆದವರಿಗೆ ಟ್ಯಾಂಕು ಓಡುವುದಕ್ಕಿಂತ ಅದು ನಿಜವಾದದ್ದನ್ನು ಹೋಲಬೇಕೆಂಬ ಹಂಬಲ ಹೆಚ್ಚಾಯಿತು. ಶುನ್ಸಾಕು ತಮಿಯಾ ಅವರ ಹಿರಿಮೆ ಇರುವುದು ಆ ಹಂಬಲವನ್ನು ಅವರು ಗಿರಾಕಿಗಳಿಗಿಂತಲೂ ಹೆಚ್ಚಾಗಿ ಹಚ್ಚಿಕೊಂಡದ್ದರಲ್ಲಿ. ಅಮೆರಿಕದ ಅಬರ್ಡೀನ್ ಸೈನಿಕ ಪರೀಕ್ಷಾ ಕೇಂದ್ರದಲ್ಲಿ ಸೆರೆಸಿಕ್ಕ ಟ್ಯಾಂಕುಗಳ ದೊಡ್ಡ ಸಂಗ್ರಹವಿತ್ತು. ಅಲ್ಲಿಗೆ ಹೋಗಿ ಮೂಲೆಮೂಲೆಗಳ ಛಾಯಾಚಿತ್ರ ತೆಗೆದುಕೊಂಡು ಬಂದರು. ರಷ್ಯದ ಟ್ಯಾಂಕುಗಳ ವಿವರ ಕೇಳಲು ಜಪಾನಿನಲ್ಲಿದ್ದ ಸೋವಿಯತ್ ರಾಯಭಾರ ಕಚೇರಿಗೇ ಹೋದರು. ಪರಿಣಾಮವಾಗಿ ಸ್ವದೇಶದ ಗುಪ್ತ ಪೊಲೀಸರ ಕಣ್ಣು ಅವರ ಮೇಲೆ ಬಿದ್ದಿತು! ಆಟಿಕೆ ಮಾಡುವ ಮನುಷ್ಯನಿಗೆ ಟ್ಯಾಂಕಿನ ಗುಟ್ಟು ಏಕೆ ಬೇಕು ಎಂದು ಪೊಲೀಸರು ಶಂಕಿಸಿದ್ದರಲ್ಲಿ ತಪ್ಪೇನೂ ಇರಲಾರದು.

ಕಾರುಗಳ ವಿಷಯದಲ್ಲಿ ಈ ಹಟ ಇನ್ನೂ ಮುಂದಕ್ಕೆ ಹೋಯಿತು. 1976ರಲ್ಲಿ ಹೊರಬಂದ ‘ಪೋರ್ಷೆ 934’ ಕಿಟ್ಟಿನ ಸಿದ್ಧತೆಗಾಗಿ ಒಂದು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ತಂದು ಭಾಗಭಾಗವಾಗಿ ಬಿಚ್ಚಿಹಾಕಿದರು. ಬಿಚ್ಚಿ ಅಳೆದದ್ದಾಯಿತು, ಮರಳಿ ಜೋಡಿಸುವುದಕ್ಕೆ ಮಾತ್ರ ಪೋರ್ಷೆಯ ತಂತ್ರಜ್ಞರ ನೆರವೇ ಬೇಕಾಯಿತು. ಕಿಟ್ ಜೋಡಿಸುವವರಿಗೆ ಸೂಚನಾಪತ್ರ ಬರೆಯುವವರ ಪಾಡೇ ಹೀಗೆ!

ಇಷ್ಟು ಶ್ರಮದ ಫಲವಾದ ಚೌಕಟ್ಟುಗಳು ಕೊನೆಗೆ ಯಾವುದೋ ಮನೆಯ ಮೇಜಿನ ಮೇಲೆ ಬಂದು ಬೀಳುತ್ತವೆ. ಅಲ್ಲಿಂದ ಮುಂದಿನದು ಕಟ್ಟುವವನ ಕಥೆ. ಬಿಡಿಭಾಗಗಳನ್ನು ಕೈಯಿಂದ ಮುರಿಯಬಾರದು. ಚೂಪಾದ ಇಕ್ಕಳದಿಂದ ಕತ್ತರಿಸಿ, ಉಳಿದ ಮೊಟಕನ್ನು ಉಪ್ಪುಕಾಗದದಿಂದ ಉಜ್ಜಿ ಸಮಮಾಡಬೇಕು. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಕೂದಲೆಳೆಯಂಥ ಗೆರೆಯೊಂದು ಉಳಿದಿರುತ್ತದೆ; ಅದನ್ನೂ ಹೆರೆಯಬೇಕು. ಅಂಟಿಸಲು ಬಳಸುವ ದ್ರವ ಸಾಮಾನ್ಯ ಗೋಂದಿನಂಥದಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಒಂದರಲ್ಲೊಂದು ಬೆರೆತು, ದ್ರವ ಆರಿದ ಮೇಲೆ ಬೆಸುಗೆಯಂತೆ ಒಂದೇ ತುಂಡಾಗುತ್ತವೆ. ಒಂದು ಹನಿ ಹೆಚ್ಚಾದರೆ ಮೇಲಿನ ನಯವೆಲ್ಲ ಹಾಳು.

ಬಣ್ಣದ ಕೆಲಸ ಇದಕ್ಕಿಂತಲೂ ಸೂಕ್ಷ್ಮ. 1943ರಿಂದ ಈಚಿನ ಜರ್ಮನ್ ಟ್ಯಾಂಕುಗಳಿಗೆ ಮಾಸಲು ಹಳದಿಯೇ ಮೂಲ ಬಣ್ಣ. ಅದರ ಮೇಲೆ ಹಸಿರು, ಕೆಂಗಂದು ಬಣ್ಣಗಳ ಪಟ್ಟೆ. ನಿಜ ಟ್ಯಾಂಕಿಗೆ ಬಳಿದ ಬಣ್ಣವನ್ನೇ ತಂದು ಬಳಿದರೆ ಪ್ರತಿಕೃತಿ ನಿಜದಂತೆ ಕಾಣುತ್ತದೆಯೆ? ಇಲ್ಲ, ತೀರ ಕಪ್ಪಾಗಿ ಕಾಣುತ್ತದೆ. ದೂರದ ಬೆಟ್ಟ ಹತ್ತಿರದ ಬೆಟ್ಟಕ್ಕಿಂತ ತೆಳುಬಣ್ಣದ್ದಾಗಿ ತೋರುವಂತೆ, ದೂರ ನಿಂತ ಟ್ಯಾಂಕಿನ ಬಣ್ಣವೂ ಕಣ್ಣಿಗೆ ತಿಳಿಯಾಗಿ ಕಾಣುತ್ತದೆ. ಅಂಗೈ ಮೇಲಣ ಟ್ಯಾಂಕು, ಲೆಕ್ಕದ ಪ್ರಕಾರ, ದೂರದಲ್ಲಿ ನಿಂತ ಟ್ಯಾಂಕಲ್ಲವೆ? ಆದ್ದರಿಂದ ಬಲ್ಲವರು ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸುತ್ತಾರೆ. ಕಪ್ಪು ಬೇಕಾದಲ್ಲಿ ಕಡು ಬೂದು ಬಳಿಯುತ್ತಾರೆ.

ನೆರಳಿನ ಪ್ರಶ್ನೆಯೂ ಹಾಗೆಯೇ. ಐದು ಸೆಂಟಿಮೀಟರಿನ ಸಿಪಾಯಿಯ ಅಂಗಿಯ ಮಡಿಕೆಗಳಲ್ಲಿ ಕೋಣೆಯ ಬೆಳಕು ಸಾಕಷ್ಟು ನೆರಳನ್ನು ಹುಟ್ಟಿಸಲಾರದು. ಕಟ್ಟುವವನೇ ಅದನ್ನು ಬಣ್ಣದಲ್ಲಿ ಬರೆಯಬೇಕು. ಕಂದುಬಣ್ಣವನ್ನು ತಿನ್ನರಿನಲ್ಲಿ ನೀರಿನಷ್ಟು ತೆಳ್ಳಗೆ ಕಲಸಿ ಕುಂಚದ ತುದಿಯಿಂದ ಮುಟ್ಟಿಸಿದರೆ ಅದು ತಾನಾಗಿಯೇ ಹರಿದು ಸಂದುಗಳಲ್ಲಿ, ಬೋಲ್ಟುಗಳ ಬುಡದಲ್ಲಿ ನಿಲ್ಲುತ್ತದೆ. ಆರಿದ ಮೇಲೆ, ತಿಳಿಬಣ್ಣದಲ್ಲಿ ಅದ್ದಿ ಬಟ್ಟೆಯಿಂದ ಒರೆಸಿ ಬಹುಮಟ್ಟಿಗೆ ಒಣಗಿಸಿದ ಕುಂಚವನ್ನು ಉಬ್ಬುಗಳ ಮೇಲೆ ಹಗುರವಾಗಿ ಆಡಿಸಿದರೆ ಅಂಚುಗಳು ಮಾತ್ರ ಹೊಳಪೇರುತ್ತವೆ. ಇವೆರಡೇ ಉಪಾಯಗಳಿಂದ ಪ್ಲಾಸ್ಟಿಕ್ಕು ಕಬ್ಬಿಣವಾಗುತ್ತದೆ. ಸಿಪಾಯಿಯ ಕಣ್ಣು ಬರೆಯುವುದು ಕಡೆಯ ಪರೀಕ್ಷೆ. ಮುಖದ ಉದ್ದವೇ ಅರ್ಧ ಅಂಗುಲಕ್ಕೆ ಕಡಿಮೆ. ಕಣ್ಣು ಒಂದು ಮಿಲಿಮೀಟರೂ ಇಲ್ಲ. ಉಸಿರು ಬಿಗಿಹಿಡಿದು ಒಂದು ಚುಕ್ಕೆ ಇಡಬೇಕು. ಚುಕ್ಕೆ ತುಸು ಜಾರಿತೋ, ರಣಧೀರನು ಮೆಳ್ಳಗಣ್ಣನಾಗುತ್ತಾನೆ!

ಇಷ್ಟೆಲ್ಲ ಕುಶಲತೆ ಕೊಲ್ಲುವ ಯಂತ್ರಗಳಿಗೆ ಮೀಸಲಾಗಬೇಕೆ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿಯೂ ಬಾಂಬಿನ ಬೆಂಕಿಯಲ್ಲಿ ಬೆಂದ ಊರಿನಿಂದ ಈ ಟ್ಯಾಂಕುಗಳೂ ಬಾಂಬು ವಿಮಾನಗಳೂ ಲೋಕಕ್ಕೆಲ್ಲ ಹಂಚಿಹೋಗುತ್ತವೆಂಬುದು ಯೋಚನೆಗೆ ಹಚ್ಚುವ ಸಂಗತಿ. 1945ರಲ್ಲಿ ಶುನ್ಸಾಕು ಹತ್ತು ವರ್ಷದ ಬಾಲಕ. ಮುಂದೆ ಅವರ ಸಂಸ್ಥೆ, ನಷ್ಟದಿಂದ ಮೇಲೆದ್ದು 1968ರಲ್ಲಿ ಆರಂಭಿಸಿದ ಸೈನಿಕ ಕಿಟ್ಟುಗಳ ಪ್ರಸಿದ್ಧ ಮಾಲೆಯಲ್ಲಿ, ಮುಚ್ಚಳದ ಚಿತ್ರದ ರೀತಿಯನ್ನೇ ಬದಲಿಸಿತು. ಹೊಗೆಯಿಲ್ಲ, ಉರಿಯಿಲ್ಲ, ಬಿದ್ದ ಶತ್ರುವಿಲ್ಲ; ಬರಿಯ ಬಿಳಿ ಹಿನ್ನೆಲೆಯ ಮೇಲೆ ಒಂದು ವಾಹನ, ಬಳಿಯಲ್ಲಿ ನಾಲ್ಕಾರು ಮಂದಿ. ವಸ್ತು ಹೇಗಿದೆಯೋ ಹಾಗೆ ತೋರಿಸುವ ಈ ಬಿಳಿಯ ಪೆಟ್ಟಿಗೆಯಲ್ಲಿ ವೀರಾವೇಶಕ್ಕಿಂತ ವಸ್ತುಸಂಗ್ರಹಾಲಯದ ಗಾಂಭೀರ್ಯ ಹೆಚ್ಚು. ಯುದ್ಧವನ್ನು ಹೊಗಳುವ ಚಿತ್ರಗಳಿಗಿಂತ ಅದು ಮೇಲೆಂದು ಒಪ್ಪಬಹುದು; ಮೂಲ ಪ್ರಶ್ನೆಗೆ ಅದೇ ಪೂರ್ಣ ಉತ್ತರವೆನ್ನಲಾಗದು.

ಶುನ್ಸಾಕು ತಮಿಯಾ 2025ರ ಜುಲೈಯಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ನಿಧನರಾದರು. ಒಮ್ಮೆ ತೊಲೆ, ಹಲಗೆ ಕೊಯ್ಯುತ್ತಿದ್ದ ಶಿಜುವೋಕಾ ಇಂದು ಜಪಾನಿನ ಪ್ಲಾಸ್ಟಿಕ್ ಕಿಟ್ಟುಗಳಲ್ಲಿ ಬಹುಪಾಲನ್ನು ತಯಾರಿಸುತ್ತದೆ. ಪ್ರತಿವರ್ಷ ಮೇ ತಿಂಗಳಿನಲ್ಲಿ ಅಲ್ಲಿ ದೊಡ್ಡ ಪ್ರದರ್ಶನವೊಂದು ಏರ್ಪಡುತ್ತದೆ. ತಯಾರಕರ ಮಳಿಗೆಗಳ ಜೊತೆಗೆ ಹವ್ಯಾಸಿಗಳೂ ತಾವು ಕಟ್ಟಿ ಬಣ್ಣ ಬಳಿದ ಸಾವಿರಾರು ಪ್ರತಿಕೃತಿಗಳನ್ನು ಉದ್ದನೆಯ ಮೇಜುಗಳ ಮೇಲೆ ಹರಡಿ ನಿಲ್ಲುತ್ತಾರೆ. ನೋಡಲು ಬಂದವರು ಮೇಜಿನ ಅಂಚಿಗೆ ಬಾಗಿ, ಕನ್ನಡಕವನ್ನು ಹಣೆಗೇರಿಸಿ, ಆ ಪುಟ್ಟ ಸಿಪಾಯಿಗಳ ಕಣ್ಣಿನ ಚುಕ್ಕೆ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತಾರೆ.