ಭಾಗ್ಯನಗರದಲ್ಲಿ ಅಚ್ಚಾದ ಕನ್ನಡ ನಾಡಿನ ಚರಿತ್ರೆ

ಹೈದರಾಬಾದ್: ಬೀದರ್, ಮಳಖೇಡ, ಮಸ್ಕಿ, ಕೊಪ್ಪಳ, ಸುರಪುರ. ಈ ಊರುಗಳ ಇತಿಹಾಸ ತಿಳಿಯಬೇಕೆಂದರೆ ಬೆಂಗಳೂರು, ಧಾರವಾಡ ಇಲ್ಲವೇ ಹಂಪಿಯ ಕಡೆ ನೋಡುವುದು ರೂಢಿ. ಆದರೆ ಈ ಊರುಗಳ ಕುರಿತ ಹಲವು ಮುಖ್ಯ ಗ್ರಂಥಗಳು ಹೊರಬಂದದ್ದು ಹೈದರಾಬಾದ್ ಸರ್ಕಾರದಿಂದ. ಮೂರು-ನಾಲ್ಕು ತಲೆಮಾರುಗಳಿಂದ ಇಲ್ಲೇ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈ ಸಂಗತಿ ತಿಳಿದವರು ಕಡಿಮೆ. ರಜೆ ಬಂದಾಗ ತಿರುಪತಿ, ಶ್ರೀಶೈಲ, ಮಂತ್ರಾಲಯಗಳಿಗೆ ಹೋಗಿ ಬರುವವರು, ಹಾದಿಯಲ್ಲೇ ಇರುವ ನೃಪತುಂಗನ ರಾಜಧಾನಿಯನ್ನು ರೈಲಿನ ಕಿಟಕಿಯಿಂದ ದಾಟಿ ಹೋಗುತ್ತಾರೆ.

ನಿಜಾಮರ ಸಂಸ್ಥಾನದ 16 ಜಿಲ್ಲೆಗಳಲ್ಲಿ ರಾಯಚೂರು, ಗುಲ್ಬರ್ಗಾ, ಬೀದರ್ ಮೂರನ್ನು ಕನ್ನಡ ಜಿಲ್ಲೆಗಳೆಂದು ಎಣಿಸಲಾಗುತ್ತಿತ್ತು. ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾದಾಗ ಬೋಧನಾ ಮಾಧ್ಯಮವೂ ಉರ್ದುವೇ. ಕನ್ನಡ ಕಲಿಯಲು ಜನರೇ ಶಾಲೆ, ಸಂಘಗಳನ್ನು ಕಟ್ಟಿಕೊಳ್ಳಬೇಕಾಯಿತು. ಹೀಗೆ ಕನ್ನಡಕ್ಕೆ ಹೆಚ್ಚಿನ ಸ್ಥಾನವಿಲ್ಲದ ಆಡಳಿತದಲ್ಲೇ ಹಳಗನ್ನಡ ಶಾಸನಗಳನ್ನು ಓದಿ, ಅಚ್ಚು ಹಾಕಿಸುವ ಕೆಲಸವೂ ನಡೆಯಿತು. 1914ರಲ್ಲಿ ಸ್ಥಾಪನೆಯಾದ ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆ ಅದಕ್ಕೆ ಕಾರಣ. ಇಲಾಖೆಯ ಮೊದಲ ನಿರ್ದೇಶಕ ಗುಲಾಮ್ ಯಾಜ್ದಾನಿ.

ಮಸ್ಕಿಯಿಂದ ಆರಂಭ

ಇಲಾಖೆ ಶುರುವಾದ ಮರುವರ್ಷವೇ ದೇಶವೆಲ್ಲ ಗಮನಿಸುವಂಥ ಸಂಗತಿ ನಡೆಯಿತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಳಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಂಡೆಯ ಮೇಲಿನ ಬ್ರಾಹ್ಮಿ ಬರಹ ಬಿತ್ತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ಸಾಮ್ರಾಟನ ಹೆಸರು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇತ್ತು. ಆತನೇ ಅಶೋಕ ಎಂಬುದು ವಿದ್ವಾಂಸರು ಬೇರೆ ಗ್ರಂಥಗಳ ನೆರವಿನಿಂದ ಮಾಡಿಕೊಂಡ ಊಹೆ. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಮೊದಲ ಬಾರಿಗೆ ಸಿಕ್ಕಿ ಆ ಊಹೆ ಖಚಿತವಾಯಿತು. ಎಚ್. ಕೃಷ್ಣಶಾಸ್ತ್ರಿಗಳು ಇದನ್ನು ಓದಿ ಸಿದ್ಧಪಡಿಸಿದ ಪುಸ್ತಕವೇ 'ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್' ಮಾಲೆಯ ಮೊದಲ ಸಂಚಿಕೆ. ಅಂದರೆ ನಿಜಾಮ್ ಸರ್ಕಾರದ ಪುರಾತತ್ವ ಮಾಲೆ ಆರಂಭವಾದದ್ದೇ ಒಂದು ಕನ್ನಡ ಊರಿನಿಂದ.

ಅದೇ ಮಾಲೆಯಲ್ಲಿ ಮುಂದೆ ಕೊಪ್ಪಳದ ಸರದಿ ಬಂತು. ಆಗ ಕೊಪ್ಪಳ ಸಾಲಾರ್‌ಜಂಗ್ ಮನೆತನದ ಜಾಗೀರು. ಅಲ್ಲಿನ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕ ಶಾಸನಗಳ ಕುರಿತು ಆರ್.ಎಲ್. ಟರ್ನರ್ ಬರೆದ ಪುಸ್ತಕ 1932ರಲ್ಲಿ ಬಂತು. 1935ರಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಅವರ 'ಕನ್ನಡ ಇನ್‌ಸ್ಕ್ರಿಪ್ಶನ್ಸ್ ಆಫ್ ಕೊಪ್ಬಾಳ್' ಹೊರಬಂದು, ಜೈನರ ಮಹಾತೀರ್ಥವಾಗಿದ್ದ ಕೊಪಣದ ಬರಹಗಳನ್ನು ಓದುಗರ ಮುಂದಿಟ್ಟಿತು. ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ ನೆಂಟರಿಷ್ಟರನ್ನು ಕರೆದೊಯ್ಯುವ ಕನ್ನಡಿಗರು, ಆ ಮನೆತನದ ಆದಾಯದಲ್ಲಿ ಕೊಪ್ಪಳದ ರೈತರ ಪಾಲೂ ಇತ್ತೆಂಬುದನ್ನು ಮಕ್ಕಳಿಗೆ ಹೇಳಬಹುದು.

ಗ್ರಂಥಪಾಲಕರಿದ್ದ ನಾಗಾವಿ

ಈ ಮಾಲೆಯ ಪುಸ್ತಕಗಳಲ್ಲಿ ಪುಸ್ತಕಪ್ರಿಯರು ನೆನಪಿಡಬೇಕಾದದ್ದು 1928ರಲ್ಲಿ ಬಂದ ನಾಗಾವಿ ಶಾಸನಗಳ ಸಂಚಿಕೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರವಿರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನದ ಪ್ರಕಾರ ಅಲ್ಲಿ ವೇದಾಭ್ಯಾಸ ಮಾಡುತ್ತಿದ್ದವರೇ 200 ಮಂದಿ. ಶಾಸ್ತ್ರ ಓದುವವರು ಬೇರೆ. ಅವರಿಗೆ ಪಾಠ ಹೇಳುವ ಉಪಾಧ್ಯಾಯರ ಜೊತೆಗೆ ಆರು ಮಂದಿ 'ಸರಸ್ವತಿ ಭಂಡಾರಿ'ಗಳೂ ಇದ್ದರು. ಸರಸ್ವತಿ ಭಂಡಾರವೆಂದರೆ ಗ್ರಂಥಾಲಯ. ಸಾವಿರ ವರ್ಷದ ಹಿಂದೆ ಒಂದು ಕನ್ನಡ ವಿದ್ಯಾಕೇಂದ್ರ ಆರು ಗ್ರಂಥಪಾಲಕರನ್ನು ಇಟ್ಟುಕೊಂಡಿತ್ತು ಎಂಬುದಕ್ಕೆ ಈ ಶಾಸನವೇ ಸಾಕ್ಷಿ. ಅರವತ್ತು ಕಂಬದ ಗುಡಿ ಇಂದಿಗೂ ಅಲ್ಲಿ ನಿಂತಿದೆ.

ನಾಗಾವಿಗೆ ಹೋಗುವುದು ಇಲ್ಲಿನವರಿಗೆ ಕಷ್ಟವೇನಲ್ಲ. ಸಿಕಂದರಾಬಾದ್–ವಾಡಿ ರೈಲು ಮಾರ್ಗ 1874ರಲ್ಲೇ ಶುರುವಾಯಿತು. ತಾಂಡೂರು ದಾಟಿದ ಮೇಲೆ ಸೇಡಂ, ಮಳಖೇಡ ರೋಡ್, ಚಿತ್ತಾಪುರ ನಿಲ್ದಾಣಗಳು ಸಾಲಾಗಿ ಬರುತ್ತವೆ. ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ, 'ಕವಿರಾಜಮಾರ್ಗ' ಹುಟ್ಟಿದ ಅಮೋಘವರ್ಷ ನೃಪತುಂಗನ ಆಸ್ಥಾನ. ಕಾಗಿಣಾ ನದಿಯ ದಂಡೆಯ ಕೋಟೆ, ಜೈನ ಬಸದಿ, ಜಯತೀರ್ಥರ ನೆಲೆಯೆಂದು ಮಾಧ್ವರು ಭಕ್ತಿಯಿಂದ ಕಾಣುವ ಮಠ ಇಲ್ಲಿವೆ. ನಿಲ್ದಾಣದ ಹೆಸರೇ ಹೇಳುವಂತೆ ಊರು ರೈಲು ಹಳಿಗೆ ಅಂಟಿಕೊಂಡಿಲ್ಲ, ಮುಂದೆ ಬೇರೆ ವಾಹನ ಹಿಡಿಯಬೇಕು. ಹೈದರಾಬಾದಿನಲ್ಲಿ ನೃಪತುಂಗನ ಹೆಸರಿನ ಶಾಲೆಯಲ್ಲಿ ಓದಿದವರು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ನೃಪತುಂಗನ ಊರು ನೋಡಿದವರು ಎಷ್ಟು ಮಂದಿ ಎಂಬುದು ಸಂಘಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ರಾಜ್ಯ ಒಡೆದರೂ ನಿಲ್ಲದ ಅಚ್ಚು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಯಾಗಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಕಡತಗಳು ಹಂಚಿಹೋದವು, ನೌಕರರು ಬೇರೆಯಾದರು. ಆದರೆ ಕೈಗೆತ್ತಿಕೊಂಡಿದ್ದ ಗ್ರಂಥದ ಕೆಲಸ ನಿಲ್ಲಲಿಲ್ಲ. ಪಿ.ಬಿ. ದೇಸಾಯಿ ಅವರು ಸಂಪಾದಿಸಿದ, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ಇದೇ ಮಾಲೆಯ 18ನೇ ಸಂಚಿಕೆಯಾಗಿ 1958ರಲ್ಲಿ ಬಂತು. ಆ ವೇಳೆಗೆ ಹೈದರಾಬಾದ್ ರಾಜ್ಯವೇ ಇರಲಿಲ್ಲ, ಪ್ರಕಟಿಸಿದ್ದು ಆಂಧ್ರಪ್ರದೇಶ ಸರ್ಕಾರ. ಹಾಗೆಯೇ ಮುದಗಲ್ ಸಮೀಪದ ಪಿಕ್ಲಿಹಾಳದ ನವಶಿಲಾಯುಗದ ನೆಲೆಯ ಬಗ್ಗೆ ಎಫ್.ಆರ್. ಆಲ್ಚಿನ್ ಬರೆದ ಉತ್ಖನನ ವರದಿಯೂ 1960ರಲ್ಲಿ ಆಂಧ್ರ ಸರ್ಕಾರದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಹೊರಬಂತು. ಗಡಿ ಬದಲಾದರೂ ವಿದ್ಯೆಯ ಬಾಕಿ ತೀರಿಸಿದ ನಿದರ್ಶನ ಇದು.

ಬೀದರ್‌ಗೆ ಹೋಗುವ ಮುನ್ನ

ಪ್ರವಾಸಿಗೆ ಹೆಚ್ಚು ಉಪಯೋಗವಾಗುವ ಗ್ರಂಥವೆಂದರೆ ಯಾಜ್ದಾನಿಯವರ 'ಬೀದರ್: ಇಟ್ಸ್ ಹಿಸ್ಟರಿ ಅಂಡ್ ಮಾನ್ಯುಮೆಂಟ್ಸ್'. 1947ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂದ ಈ ಪುಸ್ತಕ ಮುಂದೆ ಮರುಮುದ್ರಣವೂ ಆಯಿತು. ಕೋಟೆಯ ಒಂದೊಂದು ಬುರುಜು, ಬಾಗಿಲು, ಮಹಲುಗಳನ್ನು ನಕ್ಷೆ ಮತ್ತು ಚಿತ್ರಗಳೊಂದಿಗೆ ಅದು ವಿವರಿಸುತ್ತದೆ. ರಂಗೀನ್ ಮಹಲಿನ ಕಪ್ಪುಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ಕಂಡು ಬೆರಗಾಗುವುದು ಯಾರಿಂದಲೂ ಸಾಧ್ಯ. ಆದರೆ ಅದು ಯಾರ ಕಾಲದ್ದು, ಮೊದಲು ಹೇಗಿತ್ತು ಎಂಬುದನ್ನು ಪುಸ್ತಕ ಓದಿದವರೇ ಬಲ್ಲರು.

ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂಬ ಪ್ರತೀತಿ ಇದೆ. ಹದಿನೇಳನೇ ಶತಮಾನದ ಕೊನೆಗೆ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು. ಗವಾನನ ಬಗ್ಗೆ ಇನ್ನಷ್ಟು ತಿಳಿಯಲು ಉಸ್ಮಾನಿಯಾದಲ್ಲಿ ಪ್ರಾಧ್ಯಾಪಕರಾಗಿದ್ದ ಹಾರೂನ್ ಖಾನ್ ಶೇರ್ವಾನಿಯವರ 1942ರ ಪುಸ್ತಕವಿದೆ. ಅವರದೇ 'ದಿ ಬಹಮನೀಸ್ ಆಫ್ ದಿ ಡೆಕ್ಕನ್' 1953ರದು. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿ ಗೋರಿಯ ಒಳಗಿನ ವರ್ಣಚಿತ್ರಗಳನ್ನು ನೋಡುವವರು, ಅಲ್ಲಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುವ ಪದ್ಧತಿಯನ್ನೂ ತಿಳಿದಿರಬೇಕು. ಗೋರಿಯ ಮುಂದೆ ಹಿಂದೂಗಳು, ಮುಸ್ಲಿಮರು ಕೂಡಿಯೇ ನಿಲ್ಲುತ್ತಾರೆ.

ಇಂಥ ಪುಸ್ತಕಕ್ಕೆ ಇನ್ನೊಂದು ಬೆಲೆಯೂ ಇದೆ. ಎಪ್ಪತ್ತೈದು ವರ್ಷಕ್ಕೂ ಹಿಂದೆ ಯಾವ ಗೋಡೆ ಇತ್ತು, ಯಾವ ಚಿತ್ರ ಅಳಿಯದೆ ಉಳಿದಿತ್ತು ಎಂಬುದಕ್ಕೆ ಅದು ದಾಖಲೆ. 2014ರಲ್ಲಿ ಬೀದರ್ ನಗರ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ ನಿಗಾ ಪಟ್ಟಿ ಸೇರಿತು. ಏನು ಕಳೆದುಹೋಗಿದೆ ಎಂದು ಅಳೆಯಲು ಮೊದಲು ಏನಿತ್ತು ಎಂಬ ಲೆಕ್ಕ ಬೇಕಲ್ಲವೇ?

ಸುರಪುರ, ರಾಯಚೂರು

ಇಂದಿನ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋಗುವವರ ಕೈಯಲ್ಲಿ ಫಿಲಿಪ್ ಮೆಡೋಸ್ ಟೇಲರ್ ಆತ್ಮಕಥೆ 'ಸ್ಟೋರಿ ಆಫ್ ಮೈ ಲೈಫ್' ಇರಲಿ. 1877ರಲ್ಲಿ, ಆತ ತೀರಿಕೊಂಡ ಮರುವರ್ಷ ಅದು ಪ್ರಕಟವಾಯಿತು. ನಿಜಾಮರ ಸೇವೆಯಲ್ಲಿದ್ದ ಟೇಲರ್ 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರದ ವ್ಯವಹಾರ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಆ ನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕು ಸಿಕಂದರಾಬಾದಿನಲ್ಲಿ ಕೈದಿಯಾಗಿದ್ದ. ಟೇಲರ್ ಅಲ್ಲಿಗೆ ಹೋಗಿ ಅವನನ್ನು ಕಂಡ. ಮುಂದೆ ಬೇರೆ ಕಡೆಗೆ ಕರೆದೊಯ್ಯುವ ದಾರಿಯಲ್ಲೇ ನಾಯಕ ಗುಂಡೇಟಿನಿಂದ ಸತ್ತ. ಆತ್ಮಕಥೆ ಆಳುವವರ ಕಡೆಯವನೊಬ್ಬ ಬರೆದದ್ದು ಎಂಬ ಎಚ್ಚರ ಓದುಗರಿಗೆ ಇರಬೇಕು. ಆದರೂ ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ನೋಡುವಾಗ ಈ ಕಥೆ ತಿಳಿದಿದ್ದರೆ ಆ ಕಟ್ಟಡ ಕಾಣುವ ರೀತಿಯೇ ಬೇರೆ.

ರಾಯಚೂರು ಕೋಟೆ ತೆಲುಗು–ಕನ್ನಡದ ಕೂಡುದಾರಿ. ಕಾಕತೀಯರ ಕಾಲದ 1294ರ ತೆಲುಗು ಶಾಸನ ಅಲ್ಲಿನ ಕೋಟೆ ಗೋಡೆಯ ಭಾರಿ ಉದ್ದದ ಕಲ್ಲಿನ ಮೇಲಿದೆ. ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ರಾಯಚೂರು, ಕಲ್ಯಾಣ, ವರಂಗಲ್ ಈ ಮೂರು ಊರುಗಳನ್ನು ಒಟ್ಟಿಗೆ ಇಟ್ಟು ನೋಡುವ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಅವರ 'ಪವರ್, ಮೆಮೊರಿ, ಆರ್ಕಿಟೆಕ್ಚರ್' 2014ರಲ್ಲಿ ಬಂದಿದೆ.

ಪಂಪನ ನಾಡು ತೆಲಂಗಾಣದಲ್ಲಿ

ಗಡಿ ದಾಟದೆಯೂ ಕನ್ನಡ ಯಾತ್ರೆ ಮಾಡಬಹುದು. ಆದಿಕವಿ ಪಂಪ 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದದ್ದು ವೇಮುಲವಾಡ ಚಾಲುಕ್ಯರ ಅರಿಕೇಸರಿಯ ಆಶ್ರಯದಲ್ಲಿ. ರಾಜರಾಜೇಶ್ವರ ಸ್ವಾಮಿಯ ದರ್ಶನಕ್ಕೆ ವೇಮುಲವಾಡಕ್ಕೆ ಹೋಗುವ ಕನ್ನಡಿಗರು ಈ ಮಾತು ಮರೆಯಬಾರದು. ಎನ್. ವೆಂಕಟರಮಣಯ್ಯ ಈ ಅರಸರ ಬಗ್ಗೆ ಬರೆದ ಪುಸ್ತಕ 1953ರಲ್ಲಿ ಇದೇ ನಗರದಿಂದ ಬಂತು. ಅಲ್ಲಿಂದ ಮುಂದೆ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಬರೆಸಿದ ಶಾಸನವಿದೆ. ಅದರಲ್ಲಿನ ತೆಲುಗು ಕಂದಪದ್ಯಗಳನ್ನು ತೆಲುಗಿನವರು ತಮ್ಮ ಅತಿ ಹಳೆಯ ಕಂದಗಳೆಂದು ಗೌರವಿಸುತ್ತಾರೆ. ನಮ್ಮ ಕವಿಯ ವಂಶದ ವಿವರ ಸಿಗುವುದೂ ಅದೇ ಬಂಡೆಯಲ್ಲಿ. ಆಂಧ್ರಪ್ರದೇಶ ಸರ್ಕಾರ 1974ರಲ್ಲಿ ಹೊರತಂದ ಕರೀಂನಗರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇದರ ಪಾಠವಿದೆ.

ನಗರದಿಂದ ಸುಮಾರು 80 ಕಿ.ಮೀ. ದೂರದ ಕೊಲನುಪಾಕ ಇನ್ನೂ ಹತ್ತಿರ. ಹಳೆಯ ಕೊಲ್ಲಿಪಾಕೆ ಇದೇ. ಕಲ್ಯಾಣ ಚಾಲುಕ್ಯರ ಕನ್ನಡ ಶಾಸನಗಳು, ಪ್ರಸಿದ್ಧ ಜೈನ ಮಂದಿರ, ರೇಣುಕಾಚಾರ್ಯರು ಉದ್ಭವಿಸಿದರೆಂದು ವೀರಶೈವರು ನಂಬುವ ಸೋಮೇಶ್ವರ ಗುಡಿ ಒಂದೇ ಊರಿನಲ್ಲಿವೆ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು.

ನಗರವನ್ನೇ ಸುತ್ತುವವರಿಗೆ ಸೈಯದ್ ಅಲಿ ಅಸ್ಗರ್ ಬಿಲ್‌ಗ್ರಾಮಿಯವರ 'ಲ್ಯಾಂಡ್‌ಮಾರ್ಕ್ಸ್ ಆಫ್ ದಿ ಡೆಕ್ಕನ್' (1927) ಇದೆ. ನಗರ ಹಾಗೂ ಸುತ್ತಲಿನ ಮಸೀದಿ, ಗೋರಿ, ಬಾಗಿಲುಗಳ ಪಟ್ಟಿ ಅದರಲ್ಲಿದೆ. ಹಗುರವಾಗಿ ಓದಲು ನರೇಂದ್ರ ಲೂಥರ್ ಅವರ ಹೈದರಾಬಾದ್ ಕುರಿತ ಪುಸ್ತಕಗಳಿವೆ.

ಎಲ್ಲಿ ಸಿಗುತ್ತವೆ?

ಹಳೆಯ ಸಂಚಿಕೆಗಳು ಅಂಗಡಿಯಲ್ಲಿ ಸಿಗುವುದು ಅಪರೂಪ. 1891ರಲ್ಲಿ ಅಸಫಿಯಾ ಎಂಬ ಹೆಸರಿನಿಂದ ಆರಂಭವಾದ ಅಫ್ಜಲ್‌ಗಂಜ್‌ನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಬಹುದು. ಭಾನುವಾರ ಅಬಿಡ್ಸ್ ಪಾದಚಾರಿ ಮಾರ್ಗದ ಹಳೆ ಪುಸ್ತಕ ವ್ಯಾಪಾರಿಗಳ ಬಳಿ ತಾಳ್ಮೆಯಿಂದ ಹುಡುಕಿದರೆ ಅದೃಷ್ಟ ಒಲಿಯುವುದೂ ಉಂಟು. ಹಕ್ಕುಸ್ವಾಮ್ಯ ಮುಗಿದ ಹಲವು ಪುಸ್ತಕಗಳ ಪುಟಗಳನ್ನು ಕಂಪ್ಯೂಟರಿನಲ್ಲಿ ಉಚಿತವಾಗಿ ಓದಬಹುದು. ಕಲಬುರಗಿ (1966), ರಾಯಚೂರು (1970), ಬೀದರ್ (1977) ಜಿಲ್ಲಾ ಗ್ಯಾಸೆಟಿಯರ್‌ಗಳು ಊರೂರಿನ ಪರಿಚಯಕ್ಕೆ ಈಗಲೂ ಒಳ್ಳೆಯ ಆಧಾರ.

ಒಂದು ಕೊರತೆ ಮಾತ್ರ ಎದ್ದು ಕಾಣುತ್ತದೆ. ಇಲ್ಲಿ ಹೆಸರಿಸಿದ ಗ್ರಂಥಗಳೆಲ್ಲ ಇಂಗ್ಲಿಷಿನವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತರುತ್ತಾ ಬಂದಿದೆ, ಆದರೆ ಅವು ವಿದ್ವಾಂಸರಿಗಾಗಿ. ಇಲ್ಲಿ ಬೆಳೆಯುವ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುವುದು ತೆಲುಗು ಮತ್ತು ಇಂಗ್ಲಿಷ್. ಅಜ್ಜ-ಅಜ್ಜಿಯರಿಗೆ ಈ ಇಂಗ್ಲಿಷ್ ಗ್ರಂಥಗಳು ಭಾರ, ಮೊಮ್ಮಕ್ಕಳಿಗೆ ಕನ್ನಡ ಪುಸ್ತಕ ಭಾರ. ನಡುವೆ ಊರಿನ ಕಥೆ ಯಾರಿಗೂ ಸಿಗದೆ ಹೋಗುವ ಅಪಾಯವಿದೆ.

ಕನ್ನಡ ಸಂಘಗಳು ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಸಂಘದ ಕಪಾಟಿನಲ್ಲಿ ಈ ಹತ್ತು-ಹನ್ನೆರಡು ಪುಸ್ತಕಗಳ ಪ್ರತಿ ಇಡಬಹುದು. ರಾಜ್ಯೋತ್ಸವಕ್ಕೆ ಮುನ್ನ ಒಂದು ಭಾನುವಾರ ಬಸ್ಸು ಮಾಡಿಕೊಂಡು ಕೊಲನುಪಾಕಕ್ಕೋ ಬೀದರ್‌ಗೋ ಹೋಗಬಹುದು. ಹೋಗುವ ಮುನ್ನ ಇಂಗ್ಲಿಷ್ ಬಲ್ಲ ಮೊಮ್ಮಗಳು ನಾಲ್ಕು ಪುಟ ಓದಲಿ, ಅಜ್ಜಿ ಅದನ್ನು ಕನ್ನಡದಲ್ಲಿ ಎಲ್ಲರಿಗೂ ಹೇಳಲಿ. ಹಾಗೆ ಹೇಳಿದ್ದನ್ನು ಯಾರಾದರೂ ಬರೆದಿಟ್ಟುಕೊಂಡರೆ, ಇನ್ನೂ ಬಾರದಿರುವ ಕನ್ನಡ ಕೈಪಿಡಿಯ ಮೊದಲ ಅಧ್ಯಾಯ ಸಿದ್ಧವಾದಂತೆಯೇ.